ಮಕ್ಕಿ ಗದ್ದೆಗೆ ಹಾಕಿದ ಇದ್ದಿಲು

ನಾನು ಕದ್ವಾಡದವಳು, ಮನೆಮಾತು ಕೊಂಕಣಿ. ಮದುವೆಯಾಗಿ ಅವರ್ಸಾಕ್ಕೆ ಬಂದಾಗ ಮನೆಯ ಹಿಂದೆ ಒಂದು ಮಕ್ಕಿ ಗದ್ದೆಯಿತ್ತು. ಮಳೆಯನ್ನೇ ನಂಬಿದ ಎತ್ತರದ ನೆಲ, ಬಹುಪಾಲು ಮರಳು. ಭತ್ತ ಕೊಯ್ದ ಮೇಲೆ ಶೇಂಗಾ ಹಾಕಿದರೆ, ಬೆಳಿಗ್ಗೆ ಹೊಯ್ದ ನೀರು ಮಧ್ಯಾಹ್ನಕ್ಕೆ ಮಾಯ.

ಅಂಕೋಲೆಯಲ್ಲಿ ನಡೆದ ರೈತರ ತರಬೇತಿಯಲ್ಲಿ ಬಯೋಚಾರ್ ಮಾಡುವುದನ್ನು ನೋಡಿಬಂದೆ. ಒಣಕಸವನ್ನು ಹೊಂಡದಲ್ಲಿ ಸುಟ್ಟು, ಬೂದಿಯಾಗುವ ಮೊದಲೇ ನೀರು ಹೊಯ್ದು ಆರಿಸಬೇಕು. ಉಳಿದ ಇದ್ದಿಲನ್ನು ಸಗಣಿ ನೀರಿನಲ್ಲಿ ನೆನೆಸಿ ಮಣ್ಣಿಗೆ ಸೇರಿಸಿದರೆ ಅದು ತೇವ ಹಿಡಿದಿಡುತ್ತದಂತೆ. ತೆಂಗಿನ ಸಿಪ್ಪೆ, ಕರಟ, ಒಣಗರಿಗೆ ನಮ್ಮಲ್ಲಿ ಬರವಿರಲಿಲ್ಲ.

ಗಂಡ ಕಾರವಾರಕ್ಕೆ ಕೆಲಸಕ್ಕೆ ಹೋಗಿದ್ದ ಒಂದು ದಿನ ಒಬ್ಬಳೇ ಹೊಂಡಕ್ಕೆ ಬೆಂಕಿ ಹಚ್ಚಿದೆ. ಸಿಪ್ಪೆ ಚೆನ್ನಾಗಿಯೇ ಹತ್ತಿಕೊಂಡಿತು. ಅಷ್ಟರಲ್ಲಿ ಕಡಲ ಗಾಳಿ ಬೀಸಿ, ಉರಿಯುವ ಗರಿಯೊಂದು ಹಾರಿ ಪಕ್ಕದ ಮನೆಯ ಬೇಲಿಯ ಮೇಲೆ ಬಿತ್ತು. ಆ ಬೇಲಿಯೂ ಒಣಗಿದ ತೆಂಗಿನ ಗರಿಯದೇ.

ಗಾಬರಿಯಲ್ಲಿ ಕನ್ನಡವೇ ಮರೆತುಹೋಯಿತು. "ಉದಾಕ್! ಉದಾಕ್!" ಎಂದು ಕೊಂಕಣಿಯಲ್ಲೇ ನೀರಿಗಾಗಿ ಕಿರುಚಿದೆ.

ಪಕ್ಕದ ಮನೆಯ ಅಕ್ಕ ಕೊಡಪಾನ ಹಿಡಿದು ಓಡಿಬಂದರು. ನನ್ನ ಕನ್ನಡ ಕೇಳಿ ನಕ್ಕಾರೆಂದು ನಾನು ಅಲ್ಲಿಯತನಕ ಅವರೊಡನೆ ಸರಿಯಾಗಿ ಮಾತಾಡಿದವಳೇ ಅಲ್ಲ. ಇಬ್ಬರೂ ಬಾವಿಗೂ ಬೇಲಿಗೂ ಓಡಾಡಿ ಬೆಂಕಿ ಆರಿಸಿದೆವು. ಬೇಲಿ ಅರ್ಧ ಹೋಗಿತ್ತು. ಬೈಗುಳಕ್ಕೆ ಕಾದು ತಲೆತಗ್ಗಿಸಿ ನಿಂತೆ.

"ಕೈ ಸುಟ್ಕಂಡ್ಯೇನೆ ತಂಗಿ?"

"ಇಲ್ಲ ಅಕ್ಕ. ನಿಮ್ಮ ಬೇಲಿ..."

"ಬೇಲಿ ಮತ್ತೆ ಕಟ್ಟಲಾಗ್ತದೆ ಮಾರಾಯ್ತಿ. ಆ ಹೊಂಡ ನೋಡು, ಇನ್ನೂ ಉರೀತೇ ಅದೆ!"

ಹೊಂಡಕ್ಕೂ ನೀರು ಸುರಿದೆವು. ಬುಸ್ಸೆಂದು ಹಬೆ ಎದ್ದಿತು. ಆರಿದ ಮೇಲೆ ಕೆದಕಿದರೆ ಕೆಳಗೆಲ್ಲ ಕಪ್ಪಗೆ ಹೊಳೆಯುವ ಇದ್ದಿಲು. ಯಾಕೆ, ಏನು ಎಂದು ಅವರು ಕೇಳಿದರು, ನಾನು ತಡವರಿಸುತ್ತಲೇ ಹೇಳಿದೆ. ನಮ್ಮಲ್ಲಿ ದನವಿಲ್ಲವೆಂದು ಮರುದಿನ ಅವರೇ ಸಗಣಿ, ಗಂಜಲ ಹೊತ್ತು ತಂದರು. ನಾನು, ನನ್ನ ಗಂಡ ಸೇರಿ ಅವರ ಬೇಲಿ ಕಟ್ಟಿಕೊಟ್ಟೆವು.

ಇಡೀ ಗದ್ದೆ ಬದಲಾಯಿತೆಂದರೆ ಸುಳ್ಳಾದೀತು. ಇದ್ದಿಲು ಸಾಕಾದದ್ದು ಒಂದು ಮೂಲೆಗಷ್ಟೇ. ಆದರೆ ಆ ಮೂಲೆಯ ಮಣ್ಣು ಮಧ್ಯಾಹ್ನವೂ ಕಾಲಿಗೆ ತಣ್ಣಗಿರುತ್ತಿತ್ತು, ಅಲ್ಲಿ ಶೇಂಗಾ ಗಿಡ ಕಿತ್ತರೆ ಬೇರಿನ ತುಂಬ ಕಾಯಿ. ಈಗ ಪ್ರತಿ ವರ್ಷ ಗಾಳಿಯಿಲ್ಲದ ಹೊತ್ತು ನೋಡಿ ನಾನೂ ಅಕ್ಕನೂ ಒಟ್ಟಿಗೇ ಸುಡುತ್ತೇವೆ. ಅವರ ತರಕಾರಿ ಮಡಿಗಳಿಗೂ ಪಾಲು ಹೋಗುತ್ತದೆ. ಊರಿಗೆ ಬಂದು ವರ್ಷಗಳಾದರೂ ಇದು ನನ್ನೂರು ಎನಿಸಿರಲಿಲ್ಲ. ಹಾಗೆನಿಸಿದ್ದು ಅವರಿಂದ.