ಸಿಪ್ಪೆಯ ಮೇಲೆ ಬರೆದ ಹರಕೆ

ಮೊನ್ನೆ ಮಗಳ ಊಟದ ಡಬ್ಬಿ ತೊಳೆಯಲು ತೆಗೆದಾಗ ಚೀಲದಿಂದ ಒಂದು ಕಾಗದ ಬಿತ್ತು. ನಾಲ್ಕು ಮಡಿಕೆ, ಮೂಲೆಗೆ ಹುಚ್ಚೆಳ್ಳು ಚಟ್ನಿ. ಬಿಡಿಸಿದರೆ ಮೇಲುಗಡೆ ಓಂಕಾರ, ಅದರ ಕೆಳಗೆ ‘ದೈವಕೃಪೆಯಿಂದ ಈ ವರ್ಷದ ನಮ್ಮ ಗುರಿಗಳು’ ಎಂದು ಅಚ್ಚಾಗಿತ್ತು. ಎರಡು ಕಲಂ. ಒಂದು, ಮಗುವಿಗೆ ಪೋಷಕರು ಇಡುವ ಗುರಿ. ಇನ್ನೊಂದು, ಪೋಷಕರಿಗೆ ಮಗು ಇಡುವ ಗುರಿ. ಭರ್ತಿ ಮಾಡಿ, ಶನಿವಾರದ ಪೋಷಕರ ಸಭೆಯಲ್ಲಿ ಎಲ್ಲರೆದುರು ಓದಬೇಕಂತೆ. ನಾನು ಒದ್ದೆ ಕೈಯಲ್ಲೇ ಪೆನ್ನು ಹಿಡಿದು ‘ಸಿರಿ ವೇದಿಕೆಯ ಮೇಲೆ ಧೈರ್ಯವಾಗಿ ಮಾತಾಡಬೇಕು’ ಎಂದು ಬರೆದುಬಿಟ್ಟೆ. ಸಿರಿಗೆ ಹನ್ನೆರಡು ವರ್ಷ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವವರಿಲ್ಲ. ಮೈಕಿನ ಮುಂದೆ ನಿಲ್ಲಿಸಿದರೆ ತನ್ನ ಹೆಸರನ್ನೂ ಹೇಳುವುದಿಲ್ಲ. ಕಳೆದ ಸಲ ಹಾಗೆ ನಿಂತು ಅತ್ತು ಇಳಿದವಳಿಗೆ ನಾನು ದಾರಿಯುದ್ದಕ್ಕೂ ಬೈದಿದ್ದೆ. ಬರೆದಾದ ಮೇಲೆ ಕಾಗದವನ್ನು ಇನ್ನೊಮ್ಮೆ ಓದಿದೆ. ಸಿರಿ ತನ್ನ ಕಲಂ ಖಾಲಿ ಬಿಟ್ಟಿದ್ದಳು. ಯಾಕೋ ನಮ್ಮಪ್ಪ ನೆನಪಾದರು.

ನೀವು ನಂಬುತ್ತೀರೋ ಇಲ್ಲವೋ, ಈ ಗುರಿಯ ಕಾಯಿಲೆ ನಮ್ಮ ಮನೆಗೆ ಇಪ್ಪತ್ತೈದು ವರ್ಷದ ಹಿಂದೆಯೇ ಬಂದು ಹೋಗಿದೆ. ಶೆಟ್ಟಿಕೆರೆಯ ಪಕ್ಕದಲ್ಲಿ ನಮ್ಮ ತೋಟ. ಅಪ್ಪ ಒಂದು ದಿನ ಚಿಕ್ಕನಾಯಕನಹಳ್ಳಿಗೆ ಗೊಬ್ಬರ ತರಲು ಹೋದವರು, ಮಳೆ ಬಂತೆಂದು ಯಾವುದೋ ಕಲ್ಯಾಣ ಮಂಟಪದೊಳಗೆ ನುಗ್ಗಿದ್ದಾರೆ. ಅಲ್ಲಿ ಪ್ರವಚನ. ತಂದೆತಾಯಿ ಮಕ್ಕಳಿಗೆ, ಮಕ್ಕಳು ತಂದೆತಾಯಿಗೆ ದೇವರ ಮುಂದೆ ಒಂದೊಂದು ಗುರಿ ಇಟ್ಟರೆ ಮನೆ ಉದ್ಧಾರ ಎಂದರಂತೆ. ಅಪ್ಪ ಗೊಬ್ಬರ ಮರೆತು ಗುರಿ ಹೊತ್ತುಕೊಂಡು ಬಂದರು.

ಕಾಗದದ ಮೇಲೆ ಬರೆಯಿರಿ ಎಂದು ಪ್ರವಚನಕಾರರು ಹೇಳಿದ್ದರೂ ಅಪ್ಪನಿಗೆ ಕಾಗದದಲ್ಲಿ ನಂಬಿಕೆಯಿರಲಿಲ್ಲ. ಅವರಿಗೆ ನಂಬಿಕೆ ಇದ್ದದ್ದು ಎರಡರಲ್ಲಿ, ಮನೆದೇವರು ವೀರಭದ್ರಸ್ವಾಮಿ ಮತ್ತು ಅಟ್ಟ. ನಮ್ಮ ಕಡೆ ಕೊಬ್ಬರಿಗೆಂದು ಕಾಯಿ ಒಡೆದು ಬಿಸಿಲಿಗೆ ಹರಡುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನಿರುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಅಪ್ಪನ ತೀರ್ಮಾನವೂ ಹಾಗೇ ಇತ್ತು. ಶಿವರಾತ್ರಿಯ ದಿನ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಕಾಯಿ ಅಟ್ಟಕ್ಕೆ. ಮುಂದಿನ ಶಿವರಾತ್ರಿಗೆ ಇಳಿಸುವುದು. ಯಾರ ಕಾಯಿ ಲೊಟಲೊಟ ಅನ್ನುತ್ತದೋ ಅವರ ಗುರಿ ಮಾಗಿತು, ಅವರು ಅದನ್ನು ಮಾಡಿ ತೋರಿಸಬೇಕು. ಕೊಳೆತರೆ ಅವರ ಮನಸ್ಸೇ ಸರಿಯಿಲ್ಲ ಎಂದರ್ಥ.

ನಾವಿದ್ದದ್ದು ನಾಲ್ಕು ಜನ. ಅಮ್ಮ ನನ್ನ ತಮ್ಮ ಶಿವುವಿಗೆ ಬೆರಳು ಚೀಪುವುದನ್ನು ಬಿಡಬೇಕೆಂಬ ಗುರಿ ಇಟ್ಟಳು. ಅವನಾಗ ನಾಲ್ಕನೇ ಕ್ಲಾಸು. ಅವನು ಬಾಯಿಂದ ಬೆರಳು ತೆಗೆದು, ಅಮ್ಮ ಒಂದು ಇಡೀ ದಿನ ಯಾರನ್ನೂ ಬೈಯಬಾರದು ಎಂದು ಹೇಳಿ, ಬೆರಳನ್ನು ಮತ್ತೆ ಒಳಗಿಟ್ಟುಕೊಂಡ. ಅಪ್ಪ ನನಗೆ ಲೆಕ್ಕದಲ್ಲಿ ನೂರಕ್ಕೆ ನೂರು ಎಂದರು. ಲೆಕ್ಕದ ಪುಸ್ತಕ ಕಂಡರೆ ನನಗೆ ಹೊಟ್ಟೆನೋವು ಬರುತ್ತಿದ್ದ ಕಾಲ ಅದು. ಸಿಟ್ಟು ಬಂತು. ಅಪ್ಪನಿಗೆ ಎಲ್ಲಿ ನೋಯುತ್ತದೆಂದು ನನಗೆ ಗೊತ್ತಿತ್ತು. ‘ಅಪ್ಪ ತೆಂಗಿನಮರ ಹತ್ತಬೇಕು’ ಎಂದೆ.

ಅಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ನಿಂತೇ ಹೋಯಿತು. ನಾನೂರು ಮರದ ಒಡೆಯರಾದ ನಮ್ಮಪ್ಪ ಮರವಿರಲಿ, ನಮ್ಮದೇ ಅಟ್ಟದ ಏಣಿಯ ಮೂರನೇ ಮೆಟ್ಟಿಲು ಕಂಡವರಲ್ಲ. ಮೇಲೆ ನೋಡಿದರೇ ತಲೆ ಸುತ್ತು. ಊರಿಗೆಲ್ಲ ಗೊತ್ತಿದ್ದರೂ ಅವರ ಎದುರು ಯಾರೂ ಆಡದ ಮಾತು ಅದು. ಅಪ್ಪ ದೀಪದ ಬತ್ತಿ ಸರಿಮಾಡಿ, ದೇವರ ಮುಂದೆ ಹೇಳಿಯಾಯಿತಲ್ಲ ಎಂದರು. ನಾಲ್ಕು ಕಾಯಿಯ ಮೇಲೂ ಟಾರಿನಿಂದ ನಾಲ್ಕು ಹೆಸರು ಬರೆದರು. ಅಟ್ಟಕ್ಕೆ ಸಾಗಿಸಿದವಳು ನಾನು.

ಆ ವರ್ಷ ನಮ್ಮ ಮನೆಯಲ್ಲಿ ನಡೆದ ಭಕ್ತಿಯನ್ನು ಏನೆಂದು ಹೇಳಲಿ. ನನ್ನ ಕಾಯಿ ಒಣಗದಿರಲಿ ಎಂದು ನಾನು ಅದನ್ನು ಒಲೆಯ ಶಾಖ ತಾಗದ ಮೂಲೆಗೆ, ಹೆಂಚು ಸೋರುವ ಜಾಗಕ್ಕೆ ತಳ್ಳಿದ್ದೆ. ತಿಂಗಳಿಗೊಮ್ಮೆ ಅಪ್ಪ ಏಣಿಯ ಬುಡದಲ್ಲಿ ನಿಂತು, ತಮ್ಮ ಕಾಯಿ ಲೊಟಲೊಟ ಅನ್ನುತ್ತಿದೆಯಾ ನೋಡು ಎನ್ನುತ್ತಿದ್ದರು. ಇನ್ನೂ ನೀರಿದೆ ಎಂದರೆ ಮುಖ ಅರಳುತ್ತಿತ್ತು. ಒಮ್ಮೆ ಮೆಲ್ಲಗೆ, ‘ಅಂಗೇ ನಂದನ್ನೂ ಒಸಿ ಆ ಸೋರೋ ಕಡೀಕೆ ತಳ್ಳು ಮಗಾ’ ಎಂದರು. ನಾನು ತಳ್ಳಿದೆ. ವೀರಭದ್ರಸ್ವಾಮಿಗೆ ಎರಡು ಕಣ್ಣಿನ ಮೇಲೆ ಇನ್ನೊಂದಿದೆ ಎಂಬುದು ತಂದೆ ಮಗಳಿಬ್ಬರಿಗೂ ನೆನಪಾಗಲಿಲ್ಲ.

ಶಿವರಾತ್ರಿ ಬಂತು. ಅಪ್ಪ ನಾಲ್ಕೂ ಕಾಯಿಯನ್ನು ನನ್ನಿಂದ ಇಳಿಸಿಕೊಂಡು, ಸುಲಿಯುವ ರಂಗಣ್ಣನ ಮುಂದಿಟ್ಟು, ಜೋಪಾನ ಕಣಪ್ಪ ಎಂದು ಹೇಳಿ ಸ್ನಾನಕ್ಕೆ ಹೋದರು. ಬಂದು ನೋಡುತ್ತಾರೆ, ತಟ್ಟೆಯಲ್ಲಿ ನಾಲ್ಕು ಬೋಳು ಕಾಯಿ. ಹೆಸರುಗಳೆಲ್ಲ ಸಿಪ್ಪೆಯ ಜೊತೆ ನೀರೊಲೆಯಲ್ಲಿ ಉರಿಯುತ್ತಿವೆ. ಆ ಬಿಸಿನೀರಿನಲ್ಲೇ ಅಪ್ಪ ಮಿಂದು ಬಂದಿದ್ದರು. ಹುಟ್ಟಿದಾಗಿನಿಂದ ಕಾಯಿ ಸುಲಿಸುತ್ತಾ ಬಂದ ಮನುಷ್ಯನಿಗೆ, ಸಿಪ್ಪೆಯ ಮೇಲೆ ಬರೆದದ್ದು ಸಿಪ್ಪೆಯ ಜೊತೆಗೇ ಹೋಗುತ್ತದೆ ಎಂದು ಒಂದು ವರ್ಷ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ ಅನ್ನಿ. ಮೂರು ಕಾಯಿ ಲೊಟಲೊಟ ಎಂದವು, ಒಂದು ಕೊಳೆತಿತ್ತು. ಅದು ತಂತಮ್ಮದೇ ಎಂದು ನಾಲ್ವರೂ ಒಳಗೊಳಗೇ ಅಂದುಕೊಂಡೆವು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅಪ್ಪ ಬಿಡಲಿಲ್ಲ. ದೇವರಿಗೆ ಕೊಟ್ಟ ಮಾತು ಅನಾಥವಾಗಬಾರದು ಎಂದು ನಾಲ್ಕು ಗುರಿಗಳನ್ನು ಚೀಟಿಯಲ್ಲಿ ಬರೆದು, ದೀಪದ ಮುಂದೆ ಹಾಕಿ, ಒಬ್ಬೊಬ್ಬರೂ ಎತ್ತಿ ಎಂದರು. ಬೆರಳು ಚೀಪುವುದನ್ನು ಬಿಡಬೇಕು ಎಂಬ ಚೀಟಿ ಅಮ್ಮನಿಗೆ ಬಂತು. ತನ್ನದು ಈಗಲೇ ಈಡೇರಿತೆಂದು ಅವಳು ಎದ್ದು ಅಡುಗೆಮನೆಗೆ ಹೋದಳು. ಒಂದು ದಿನ ಯಾರನ್ನೂ ಬೈಯಬಾರದೆಂಬುದು ಶಿವುವಿಗೆ; ಬಾಯಲ್ಲಿ ಬೆರಳಿದ್ದುದರಿಂದ ಅವನಿಗೂ ತೊಂದರೆಯಾಗಲಿಲ್ಲ. ತೆಂಗಿನಮರ ನನ್ನ ಪಾಲಿಗೆ. ನೂರಕ್ಕೆ ನೂರು ಅಪ್ಪನ ಪಾಲಿಗೆ.

ಅಪ್ಪ ನಿಜವಾಗಿಯೂ ಓದಿದರು. ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನ ಲೆಕ್ಕದ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಗೊತ್ತಿಲ್ಲದ್ದನ್ನು ಎಕ್ಸ್ ಎಂದಿಟ್ಟುಕೊಂಡರೆ ಗೊತ್ತಾದಂತಾಯಿತೇ ಎಂದು ಹಾದಿಹೋಕರನ್ನೂ ಕೇಳಿದರು. ಒಂದು ತಿಂಗಳಾದ ಮೇಲೆ ನಾನು ಪ್ರಶ್ನೆಪತ್ರಿಕೆ ಮಾಡಿ, ಗಡಿಯಾರ ಇಟ್ಟು ಪರೀಕ್ಷೆ ನಡೆಸಿದೆ. ಮೇಷ್ಟರ ಹಾಗೆ ಕೋಲು ಹಿಡಿದು ಓಡಾಡಿದೆ ಕೂಡ. ಅಪ್ಪನಿಗೆ ನೂರಕ್ಕೆ ಏಳು ಬಂತು. ನಾನು ನಗಬೇಕೆಂದು ಬಾಯಿ ತೆರೆದೆ.

‘ಇದು ಇಷ್ಟು ಕಷ್ಟ ಐತಾ ಮಗಾ?’ ಎಂದರು. ‘ದಿನಾ ಇದುನ್ನ ಇಟ್ಕೊಂಡೇ ಇಸ್ಕೂಲ್ಗೆ ಹೋಯ್ತಿದ್ಯಾ?’

ನನಗೆ ಅಳು ಬಂತು. ಅಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ.

ಮರದ ಸರದಿ ಮರುದಿನ. ಕೊಟ್ಟಿಗೆಯ ಹಿಂದಿನ ಗಿಡ್ಡ ಮರ. ಮರ ಹತ್ತುವುದು ಬೇಡವೇ ಬೇಡ ಎಂದು ಅಪ್ಪ ಕೈ ಹಿಡಿದರೂ ನಾನು ಕೊಸರಿಕೊಂಡು ಹತ್ತಿದೆ. ಆಳೆತ್ತರ ಹೋಗಿ ಕೆಳಗೆ ನೋಡಿದ್ದೇ ತಪ್ಪಾಯಿತು. ನೆಲ ವಾಲಿತು, ಕೈಕಾಲು ಮರಗಟ್ಟಿದವು, ಹಿಂದಿನ ವರ್ಷ ಆರತಿಯ ಮುಂದೆ ನಾನು ಎಂಥ ಮಾತು ಹೇಳಿದ್ದೆ ಎಂಬುದು ಆ ಕಾಂಡವನ್ನು ತಬ್ಬಿಕೊಂಡಾಗ ಗೊತ್ತಾಯಿತು. ನಾಚಿಕೆಯಾಯಿತು. ಕೆಳಗೆ ಅಪ್ಪನ ಕಾಲು ನನಗಿಂತ ಜೋರಾಗಿ ನಡುಗುತ್ತಿತ್ತು. ಆದರೂ ಕಣ್ಣು ಮುಚ್ಚಿಕೊಂಡು ಮರಕ್ಕೆ ಒರಗಿ ನಿಂತು, ಹೆಗಲ ಮೇಲೆ ಕಾಲಿಡಲು ಹೇಳಿದರು. ಇಳಿದ ಮೇಲೆ ಇಬ್ಬರೂ ಅಲ್ಲೇ ಕೂತೆವು. ಸಾಯಂಕಾಲ ಅಪ್ಪ ದೇವರಿಗೆ ಅಡ್ಡಬಿದ್ದು, ಗುರಿಯೆಲ್ಲ ನಿನಗೇ ಇರಲಿ ಸ್ವಾಮಿ, ಕೊಬ್ಬರಿ ನಾವು ತಿನ್ನುತ್ತೇವೆ ಎಂದರು. ಬೆಲ್ಲದ ಜೊತೆ ತಿಂದೆವು. ಆ ವರ್ಷ ನನಗೆ ಲೆಕ್ಕದಲ್ಲಿ ನಲವತ್ತೊಂದು ಬಂತು, ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು.

ಇಷ್ಟೆಲ್ಲ ನೆನಪಿದ್ದೂ, ಬರೆದದ್ದನ್ನು ನಾನು ಹೊಡೆದು ಹಾಕಲಿಲ್ಲ ನೋಡಿ. ದೊಡ್ಡವರಾದ ಮೇಲೆ ಬುದ್ಧಿ ಬರುವುದು ನಿಧಾನ. ಶನಿವಾರ ಸಭೆಯಲ್ಲಿ ನನ್ನ ಹೆಸರು ಕರೆದರು. ಹೋದೆ. ಮೈಕು ಕೈಗೆ ಬಂತು, ಮುಂದೆ ಇನ್ನೂರು ಮುಖ. ಕಾಗದದಲ್ಲಿದ್ದ ‘ಧೈರ್ಯವಾಗಿ’ ಎಂಬ ಪದದ ಹತ್ತಿರ ಬಂದಾಗ ನನ್ನ ಮಾತು ನಿಂತುಹೋಯಿತು. ನುಂಗಿದೆ, ಕೆಮ್ಮಿದೆ. ಮೈಕು ನನ್ನ ಉಸಿರನ್ನು ಸಭೆಗೆಲ್ಲ ಕೇಳಿಸಿತು. ಯಾರೋ ಕರುಣೆಯಿಂದ ಚಪ್ಪಾಳೆ ಹೊಡೆದರು. ಇಳಿದು ಬಂದೆ.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತ ಸಿರಿ ಹಾಸನ ಸರ್ಕಲ್‌ ದಾಟಿದ ಮೇಲೆ ನನ್ನ ಬೆನ್ನಿಗೆ ಗಲ್ಲ ಒತ್ತಿ, ‘ಅಮ್ಮಾ, ಕಾಲು ನಡುಗ್ತಿತ್ತಾ?’ ಎಂದಳು.

‘ಹೂಂ.’

‘ಕೈ ತಣ್ಣಗಾಯ್ತಾ? ಎಲ್ರೂ ದೂರ ಹೋದಂಗೆ?’

‘ಹೂಂ ಕಣೇ.’

‘ನಂಗೂ ಅಂಗೇ ಆಗೋದು’ ಎಂದಳು.

ಸ್ಕೂಟರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ‘ಇನ್ನೂ ಏನೇನಾಗ್ತದೆ, ಹೇಳು’ ಎಂದೆ. ಅವಳು ಹೇಳತೊಡಗಿದಳು.