ಮೊದಲ ಸಾಲಿನ ಸೀಟು

ನಾನು ನಿಂತಿದ್ದು ಚೆನ್ನೈ ವಿಮಾನ ನಿಲ್ದಾಣದ ದೇಶೀಯ ಟರ್ಮಿನಲ್ ಒಳಗೆ, ಚೆಕ್‌-ಇನ್ ಕೌಂಟರುಗಳ ಸಾಲಿನಲ್ಲಿ ಎಡಗಡೆಯಿಂದ ನಾಲ್ಕನೆಯದರ ಎದುರು, ಅವರಿಂದ ಎರಡು ಹೆಜ್ಜೆ ಹಿಂದೆ. ಏಪ್ರಿಲ್ ತಿಂಗಳ ಮೂರನೆಯ ಬುಧವಾರ. ಕೌಂಟರಿನ ಮೇಲಿದ್ದ ಪರದೆ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ನನ್ನ ಕೈ ಟ್ರಾಲಿಯ ಹಿಡಿಯ ಮೇಲಿತ್ತು. ನನ್ನ ಬಲಕ್ಕೆ ಗಾಲಿಕುರ್ಚಿಯಲ್ಲಿ ಅವರ ಅಕ್ಕ ಕೂತಿದ್ದರು, ಬಲಗಾಲನ್ನು ನೇರಕ್ಕೆ ಚಾಚಿಕೊಂಡು. ಇಷ್ಟನ್ನು ಮೊದಲೇ ಬರೆದಿಡುತ್ತೇನೆ. ಆಮೇಲೆ ಈ ಸಂಗತಿಯನ್ನು ಹೇಳಿದವರು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರು. ಅವರಲ್ಲಿ ಹೆಚ್ಚಿನವರು ಅಲ್ಲಿ ಇರಲೇ ಇಲ್ಲ.

ಅವರು ಎಂದರೆ ನಮ್ಮ ಕಂಪನಿಯ ಸರ್ವಿಸ್ ಮ್ಯಾನೇಜರು. ಕಾರ್ಖಾನೆಗಳ ಬಾಯ್ಲರುಗಳಿಗೆ ಹಾಕುವ ವಾಲ್ವುಗಳನ್ನು ಮಾರುವುದು, ಕೆಟ್ಟರೆ ಹೋಗಿ ರಿಪೇರಿ ಮಾಡುವುದು ನಮ್ಮ ಕೆಲಸ. ಅವರು ಮಂಡ್ಯ ಕಡೆಯವರು, ಮನೆ ಪೋರೂರಿನಲ್ಲಿ. ನಾನು ತುಮಕೂರಿನವನು, ಅವರಿಗಿಂತ ಹನ್ನೊಂದು ವರ್ಷ ಚಿಕ್ಕವನು, ಮೈಲಾಪೂರಿನ ಒಂದು ಹಳೆಯ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದೇನೆ. ಆಫೀಸಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಎಲ್ಲರೆದುರು ಅವರನ್ನು ಸಾರ್ ಎನ್ನುತ್ತಿದ್ದೆ, ನಾವಿಬ್ಬರೇ ಇದ್ದಾಗ ಅಣ್ಣ.

ಹದಿನೈದು ವರ್ಷ ಅವರು ವಾರಕ್ಕೆ ಎರಡು ಸಲವಾದರೂ ವಿಮಾನ ಹತ್ತಿದ್ದರು, ಯಾವಾಗಲೂ ಅದೇ ಒಂದು ಏರ್‌ಲೈನ್ಸಿನದು. ಅದರ ಗೋಲ್ಡ್ ಕಾರ್ಡು ಅವರ ಹತ್ತಿರ ಇತ್ತು. ಏಪ್ರಿಲಿನಿಂದ ಮಾರ್ಚಿನೊಳಗೆ ನಿಗದಿ ಮಾಡಿದಷ್ಟು ಸಲ ಹಾರಿದರೆ ಆ ಕಾರ್ಡು ಮುಂದಿನ ವರ್ಷಕ್ಕೂ ಉಳಿಯುತ್ತಿತ್ತು. ಹಾರಿದ್ದಕ್ಕೆಲ್ಲ ಪಾಯಿಂಟುಗಳು ಸೇರುತ್ತಿದ್ದವು, ಪಾಯಿಂಟುಗಳನ್ನು ಕೊಟ್ಟು ಟಿಕೆಟ್ ಪಡೆಯಬಹುದಿತ್ತು. ಗೋಲ್ಡ್ ಕಾರ್ಡು ಇದ್ದವರಿಗೆ ಇನ್ನೊಂದು ಸವಲತ್ತು: ಮೊದಲ ಸಾಲಿನಲ್ಲಿ, ಎದುರಿಗೆ ಬೇರೆ ಸೀಟು ಇಲ್ಲದ ಕಡೆ, ತಮಗೂ ಜೊತೆಯವರಿಗೂ ಜಾಗ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಅವರಿಗೆ ಬೇಕಾಗಿದ್ದು ಅದೊಂದೇ.

ಅದು ಅಕ್ಕನಿಗಾಗಿ. ಅಕ್ಕನಿಗೆ ಎಪ್ಪತ್ತೊಂದು ವರ್ಷ, ಬೆಂಗಳೂರಿನಲ್ಲಿ ಹನುಮಂತನಗರದಲ್ಲಿ ಮಗಳ ಮನೆಯ ಪಕ್ಕದಲ್ಲೇ ಇದ್ದರು. ಮಂಡಿಯ ಆಪರೇಷನ್ ಕೆಟ್ಟು ಬಲಗಾಲು ಮಡಚುತ್ತಿರಲಿಲ್ಲ. ಅವರ ಗಂಡ, ಅಂದರೆ ಭಾವ, ಮದುವೆಯಾದ ಹೊಸದರಲ್ಲಿ ಎರಡು ವರ್ಷ ಅಂಡಮಾನಿನಲ್ಲಿ ಸರ್ವೇ ಕೆಲಸದಲ್ಲಿದ್ದರಂತೆ. ಅಕ್ಕ ಆಗ ಮಂಡ್ಯದಲ್ಲಿ ಅತ್ತೆಯ ಮನೆಯಲ್ಲಿ. "ಅಲ್ಲಿ ಹಡಗು ನಿಲ್ಲೋ ತಾವ ದೊಡ್ದೊಂದು ಮರ ಐತಂತೆ. ಅದ್ರ ಬುಡದಲ್ಲಿ ಕೂತ್ಕಂಡೇ ನಂಗೆ ಕಾಗ್ದ ಬರೀತಿದ್ರಂತೆ. ಆ ಮರ ಐತೋ ಇಲ್ವೋ ನೋಡ್ಬೇಕು" ಎಂದು ಅಕ್ಕ ಹೇಳುತ್ತಿದ್ದರಂತೆ. ಅಕ್ಕ ಎಂದೂ ವಿಮಾನ ಹತ್ತಿರಲಿಲ್ಲ. ಚೆನ್ನೈಯಿಂದ ಅಂಡಮಾನಿಗೆ ಎರಡೂಕಾಲು ಗಂಟೆ. ಮಾಮೂಲಿ ಸೀಟಿನಲ್ಲಿ ಆ ಕಾಲನ್ನು ಎಲ್ಲಿ ಇಡುವುದು?

ಆ ವರ್ಷ ಕಂಪನಿಯವರು ಪ್ರಯಾಣ ಕಡಿಮೆ ಮಾಡಿಸಿ ಮೀಟಿಂಗುಗಳನ್ನೆಲ್ಲ ಕಂಪ್ಯೂಟರಿನ ಮುಂದೆಯೇ ನಡೆಸತೊಡಗಿದ್ದರು. ಫೆಬ್ರವರಿ ಕೊನೆಗೆ ಅವರಿಗೆ ಗೋಲ್ಡ್ ಉಳಿಸಿಕೊಳ್ಳಲು ಎಂಟು ಹಾರಾಟ ಕಡಿಮೆ ಬಿದ್ದವು. ಆಗ ಉಪಾಯ ಹೇಳಿದವನು ನಾನು. ಕಾರ್ಡಿರುವವರ ನಡುವೆ ಇದು ಮಾಮೂಲು: ಹತ್ತಿರದ ಊರಿಗೆ ಅಗ್ಗದ ಟಿಕೆಟ್ ಮಾಡಿ ಹೋಗಿ, ನಿಲ್ದಾಣದಿಂದ ಹೊರಗೆ ಕಾಲಿಡದೆ, ಮುಂದಿನ ವಿಮಾನದಲ್ಲಿ ವಾಪಸು ಬರುವುದು. ನಾಲ್ಕು ಶನಿವಾರ ಬೆಂಗಳೂರಿಗೆ ಹೋಗಿಬಂದರೆ ಎಂಟು ಆಗುತ್ತದೆ ಎಂದೆ. ನನ್ನ ಸಿಲ್ವರ್ ಕಾರ್ಡಿಗೂ ಅನುಕೂಲವಾಗುತ್ತಿತ್ತು, ನಾನೂ ಜೊತೆಗೆ ಹೋದೆ.

ಇಳಿದು, ಎಡಕ್ಕೆ ತಿರುಗಿ, ವಿಮಾನ ಬದಲಿಸುವವರ ದಾರಿಯಲ್ಲಿ ಹೋಗಿ, ಮತ್ತೆ ತಪಾಸಣೆ ಮುಗಿಸಿ, ಕಾಫಿ ಕುಡಿದು, ಹತ್ತುವುದು. ನಡುವೆ ಒಂದೂವರೆ ಗಂಟೆ. ಹನುಮಂತನಗರಕ್ಕೆ ಹೋಗುವುದಕ್ಕೇ ಎರಡು ಗಂಟೆ ಬೇಕು. ಮೊದಲ ಶನಿವಾರ ಅವರು ಗಾಜಿನಾಚೆ ನೋಡುತ್ತ, "ಇಲ್ಲೇ ಅವಳೆ ಅಕ್ಕ. ಕಳ್ಳನಂಗೆ ಬಂದು ಕಳ್ಳನಂಗೆ ಹೋಯ್ತಾ ಇವ್ನಿ" ಎಂದು ನಕ್ಕರು. ನಾನೂ ನಕ್ಕೆ.

ನಾಲ್ಕನೆಯ ಶನಿವಾರ ಮಾರ್ಚಿನ ಕೊನೆಯದು. ಅದೇ ದಿನ ತೀರಿಕೊಂಡ ಭಾವನಿಗೆ ವರ್ಷದ ಎಡೆ ಇಡುವ ದಿನವೂ ಆಗಿತ್ತು. ಅದು ಅವರಿಗೆ ಗೊತ್ತಿತ್ತು, ಬೆಳಿಗ್ಗೆ ನನಗೂ ಹೇಳಿದ್ದರು. ಹೊರಗೆ ಹೋದರೆ ವಾಪಸಿನ ವಿಮಾನ ತಪ್ಪುತ್ತದೆ, ಆ ದಿನದ ಬೇರೆ ವಿಮಾನಗಳು ಭರ್ತಿ, ಭಾನುವಾರ ಕಾರ್ಖಾನೆಯೊಂದರಲ್ಲಿ ರಿಪೇರಿ, ಮಂಗಳವಾರಕ್ಕೆ ವರ್ಷ ಮುಗಿಯುತ್ತದೆ. ಕಾಫಿ ಕೌಂಟರಿನ ಪಕ್ಕ ನಿಂತು ಅಕ್ಕನಿಗೆ ಫೋನ್ ಮಾಡಿದರು.

"ಬರಾಕ್ ಆಗ್ನಿಲ್ಲ ಕಣಕ್ಕ. ಆಫೀಸಲ್ಲಿ ಆಡಿಟ್ಟು."

ಅಕ್ಕನ ದನಿ ದೊಡ್ಡದು, ನನಗೂ ಕೇಳಿಸುತ್ತಿತ್ತು. "ಹೋಗ್ಲಿ ಬುಡು. ಕಜ್ಜಾಯ ಮಾಡಿವ್ನಿ, ನಿಂಗೂ ಎತ್ತಿಟ್ಟಿರ್ತೀನಿ."

ಅಷ್ಟರಲ್ಲಿ ಕೌಂಟರಿನವನು ಕೂಗಿದ, "ಎರಡು ಕಾಫಿ ಯಾರ್ದ್ರೀ? ಆರೋಗುತ್ತೆ, ತಗೊಳ್ರೀ."

"ಅದ್ಯಾರ್ಲಾ ಅಲ್ಲಿ, ಕನ್ನಡದಲ್ಲಿ ಕೂಗ್ತಾವ್ನೆ?"

ಅವರು ನನ್ನ ಮುಖ ನೋಡಿದರು. "ನಮ್ ಆಫೀಸಿನ ತುಮಕೂರೋನು ಕಣಕ್ಕ" ಎಂದರು. ನಾನು ತಲೆ ಆಡಿಸಿದೆ, ಫೋನಿನಲ್ಲಿ ಅದು ಯಾರಿಗೂ ಕಾಣುವುದಿಲ್ಲ ಎಂದು ಗೊತ್ತಿದ್ದೂ.

ಏಪ್ರಿಲ್ ಮೊದಲ ವಾರ ಏರ್‌ಲೈನ್ಸಿನಿಂದ ಇಮೇಲ್ ಬಂತು. 'ನಿಮಗೆ ಇನ್ನಷ್ಟು ಅನುಕೂಲವಾಗಲೆಂದು' ಎಂದು ಶುರುವಾಗುತ್ತಿತ್ತು. ಇನ್ನು ಮುಂದೆ ಎಷ್ಟು ಸಲ ಹಾರಿದಿರಿ ಎಂಬುದು ಲೆಕ್ಕಕ್ಕಿಲ್ಲ, ಎಷ್ಟು ಖರ್ಚು ಮಾಡಿದಿರಿ ಎಂಬುದು ಮಾತ್ರ. ಪಾಯಿಂಟಿನ ಟಿಕೆಟುಗಳಿಗೆ ಮೊದಲ ಸಾಲಿನ ಸವಲತ್ತು ಇಲ್ಲ. ಈಗಾಗಲೇ ಗೋಲ್ಡ್ ಇರುವವರ ಕಾರ್ಡು ಒಂದು ವರ್ಷ ನಡೆಯುತ್ತದೆ, ಹೊಸ ನಿಯಮದಂತೆ.

ಚೆನ್ನೈಯ ಕಾರ್ಡುದಾರರದ್ದೊಂದು ವಾಟ್ಸಾಪ್ ಗುಂಪಿತ್ತು, ನಾವಿಬ್ಬರೂ ಅದರಲ್ಲಿದ್ದೆವು. ಆ ದಿನ ಊಟದ ಹೊತ್ತಿಗೆ ಅಲ್ಲಿ ನೂರಾರು ಮೆಸೇಜು. ಯಾರೋ 'ಗೋಲ್ಡ್ ಪೋಚ್ಚು, ಗೋವಿಂದಾ', ಗೋಲ್ಡ್ ಹೋಯಿತು ಎಂದು ಹಾಕಿದ್ದಕ್ಕೆ ಉಳಿದವರೆಲ್ಲ ಸಾಲಾಗಿ ಗೋವಿಂದಾ ಗೋವಿಂದಾ ಎಂದರು. ಸೌಕಾರ್‌ಪೇಟೆಯ ಒಬ್ಬ ಬಟ್ಟೆ ವ್ಯಾಪಾರಿ ತಮಿಳಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದ: ಇಪ್ಪತ್ತು ವರ್ಷ ಸೂರತ್‌ಗೆ ಇವರ ವಿಮಾನದಲ್ಲೇ ಹಾರಿದೆ, ಮಾವನ ಮನೆಗೂ ಅಷ್ಟು ಸಲ ಹೋದವನಲ್ಲ, ಆದರೆ ಮಾವ ಇವತ್ತಿಗೂ ಎದ್ದು ನಿಂತು ಕಾಫಿ ಕೊಡುತ್ತಾನೆ. ಒಬ್ಬ ಡಾಕ್ಟರು ಉದ್ದನೆಯ ಮನವಿ ಬರೆದು ಎಲ್ಲರೂ ಸಹಿ ಹಾಕಿ ಎಂದರು. ಇನ್ನೊಬ್ಬರು ಗ್ರಾಹಕರ ಕೋರ್ಟು ಎಂದರು. ಹತ್ತು ದಿನ ಇದೇ ನಡೆಯಿತು. ಹನ್ನೊಂದನೆಯ ದಿನ ಯಾರೋ ಒಂದು ಕ್ರೆಡಿಟ್ ಕಾರ್ಡಿನ ಆಫರ್ ಹಾಕಿದರು, ಮಾತು ಆ ಕಡೆ ಹೋಯಿತು. ಡಾಕ್ಟರ ಮನವಿಗೆ ಆರು ಜನ ಸಹಿ ಹಾಕಿದ್ದರು. ಆರನೆಯವನು ನಾನು. ಅವರು ಹಾಕಲಿಲ್ಲ. ಎಲ್ಲವನ್ನೂ ಓದುತ್ತಿದ್ದರು, ಒಂದು ಅಕ್ಷರವನ್ನೂ ಬರೆಯಲಿಲ್ಲ.

ಅಂಡಮಾನಿನ ಟಿಕೆಟುಗಳನ್ನು ಪಾಯಿಂಟು ಕೊಟ್ಟೇ ಮಾಡಿದರು. ಸೀಟಿನ ನಂಬರು ಬಂದಿರಲಿಲ್ಲ. ನಾನು, "ಅಣ್ಣ, ಮೊದಲ ಸಾಲಿಗೆ ಬೇರೆ ದುಡ್ಡು ಕಟ್ಟಿದರೆ ಕೊಡ್ತಾರೆ. ಕಟ್ಟಿಬಿಡಿ" ಎಂದೆ.

"ಯಾಕ್ ಕಟ್ಬೇಕು? ಹದ್ನೈದು ವರ್ಷ ಹಾರಿವ್ನಿ ಕಣಯ್ಯ. ಹದ್ನೈದು ವರ್ಷ ಬಂದೋನ್ಗೆ ಒಂದು ಸೀಟು ಕೊಡಾಕಿಲ್ವಾ? ಇಮೇಲ್ ಕಳ್ಸೋದು ಕಂಪ್ಯೂಟ್ರು. ಕೌಂಟರಲ್ಲಿ ಮನುಷ್ರು ಇರ್ತಾರೆ."

ಅಕ್ಕ ಬೆಂಗಳೂರಿನಿಂದ ರೈಲಿನಲ್ಲಿ ಪೋರೂರಿಗೆ ಬಂದರು, ಮಗಳು ತಂದು ಬಿಟ್ಟು ಹೋದಳು. ಡಬ್ಬಿಯಲ್ಲಿ ಕಜ್ಜಾಯ ತಂದಿದ್ದರು, ಎಡೆಗೆ ಮಾಡಿದ್ದು, ಎತ್ತಿಟ್ಟಿದ್ದು. ಬುಧವಾರ ಬೆಳಿಗ್ಗೆ ನನಗೂ ವಿಶಾಖಪಟ್ಟಣಕ್ಕೆ ಕೆಲಸವಿತ್ತು, ಹಾಗಾಗಿ ಟರ್ಮಿನಲ್ಲಿನ ಒಳಗೆ ಅವರ ಜೊತೆ ಹೋಗುವುದಕ್ಕಾಯಿತು. ಗಾಲಿಕುರ್ಚಿ ತಳ್ಳಿಕೊಂಡು ಬಂದವನು ಐವತ್ತು ದಾಟಿದ ಮನುಷ್ಯ. ಅಕ್ಕನನ್ನು ಪಾಟ್ಟಿ ಪಾಟ್ಟಿ, ಅಂದರೆ ಅಜ್ಜಿ, ಎಂದು ಮಾತಾಡಿಸುತ್ತಿದ್ದ. ಅಕ್ಕ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಇಬ್ಬರಿಗೂ ಅರ್ಥವಾಗುತ್ತಿತ್ತು.

ಕೌಂಟರಿನ ಹುಡುಗಿ ಪರದೆ ನೋಡಿ, "ಸಾರಿ ಸಾರ್, ಫಸ್ಟ್ ರೋ ಫುಲ್" ಎಂದಳು. ಅವರು ಕಾರ್ಡು ಇಟ್ಟರು. ಅವಳು ಕಾರ್ಡನ್ನು ನೋಡಿದಳು, ಅಕ್ಕನ ಕಾಲನ್ನೂ ನೋಡಿದಳು. ರೂಲ್ಸ್ ಬದಲಾಗಿದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ತಮಿಳಿನಲ್ಲಿ ಮೆತ್ತಗೆ ಹೇಳಿದಳು. ಅವಳ ದನಿಯಲ್ಲಿ ಒರಟುತನ ಇರಲಿಲ್ಲ.

ಆಗ ಅವರು ಕೈಚೀಲದಿಂದ ಒಂದು ಕಂದು ಕವರು ತೆಗೆದರು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ನಾನು ಎರಡು ಹೆಜ್ಜೆ ಹಿಂದಿದ್ದೆ, ಕೈ ಚಾಚಿದ್ದರೆ ಎಟುಕುತ್ತಿತ್ತು. ಚಾಚಲಿಲ್ಲ. ಎಂಟು ಬೋರ್ಡಿಂಗ್ ಪಾಸುಗಳನ್ನು ಅವರು ಕೌಂಟರಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದರು.

"ಇಂದ ಮಾರ್ಚ್ ಮಾಸಮ್ ಮಟ್ಟುಮ್ ನಾಲು ತಡವೆ ಬೆಂಗಳೂರು ಪೋಯಿಟ್ಟು ವಂದೇಮ್ಮಾ" ಎಂದರು. ಈ ಮಾರ್ಚಿನಲ್ಲೇ ನಾಲ್ಕು ಸಲ ಬೆಂಗಳೂರಿಗೆ ಹೋಗಿಬಂದೆ ಎಂದು. ತಮಿಳಿನಲ್ಲಿ ಹೇಳಿದ್ದು ಆ ಹುಡುಗಿಗಾಗಿ ಮಾತ್ರವೋ, ಅಕ್ಕನಿಗೆ ತಿಳಿಯಬಾರದೆಂದೂ ಹೌದೋ, ನನಗೆ ಗೊತ್ತಿಲ್ಲ. ನಾಲು, ಬೆಂಗಳೂರು ಎಂಬಷ್ಟು ತಿಳಿಯಲು ತಮಿಳು ಬರಬೇಕಾಗಿಯೂ ಇರಲಿಲ್ಲ.

ಅಕ್ಕ ಕೇಳಿದರು, "ನಾಕ್ ಸತಿ ಬಂದಿದ್ದಾ?"

ಅವರು ತಿರುಗಲಿಲ್ಲ.

"ನಿನ್ನೇ ಕೇಳಿದ್ದು ಕಣ್ಲಾ. ಬೆಂಗ್ಳೂರ್ಗೆ ನಾಕ್ ಸತಿ ಬಂದಿದ್ದಾ? ಊಟ ಎಲ್ಮಾಡ್ದೆ?"

"ಹೊರಗ್ ಬರ್ನಿಲ್ಲ ಕಣಕ್ಕ. ಕಾಫಿ ಕುಡ್ದು ವಾಪಸ್ ಹೋದೋ. ನಿನ್ ಸೀಟಿಗೇಯ."

ಅಕ್ಕ ಕುರ್ಚಿಯನ್ನು ಕೌಂಟರಿನ ಹತ್ತಿರಕ್ಕೆ ತಳ್ಳಿಸಿಕೊಂಡು, ಕೈ ನೀಡಿ ತಮಗೆ ಹತ್ತಿರವಿದ್ದ ಪಾಸನ್ನು ತೆಗೆದುಕೊಂಡರು. ಇಂಗ್ಲಿಷು ಬಾರದು. ಅದನ್ನು ನನ್ನ ಕಡೆ ಹಿಡಿದು, "ನೀನ್ ಹೇಳು ಮಗ. ಇದ್ಯಾವತ್ತಿಂದು?" ಎಂದರು.

ಗೊತ್ತಿಲ್ಲ ಎನ್ನಬಹುದಿತ್ತು. ನಾನು ಓದಿದೆ. ತಾರೀಖು, ವಾರ, ಎರಡನ್ನೂ ಹೇಳಿದೆ. ಮಾರ್ಚಿನ ಕೊನೆಯ ಶನಿವಾರ.

ಅಕ್ಕ ಪಾಸನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಹಂಗಾರೆ ಕಾಫಿ ಅಂತ ಕೂಗ್ದೋನು ಇವ್ನಲ್ಲ" ಎಂದರು. ಬೈಗುಳದ ದನಿಯಲ್ಲಿ ಹೇಳಲಿಲ್ಲ. ಕಳೆದ ವಸ್ತು ಸಿಕ್ಕಿತು ಎನ್ನುವ ಹಾಗೆ ಹೇಳಿದರು.

ಕೌಂಟರಿನ ಹುಡುಗಿ ಇಷ್ಟು ಹೊತ್ತಿಗೆ ಎದ್ದು ಹೋಗಿದ್ದಳು. ಎಂಟೂ ಇಪ್ಪತ್ತೈದಕ್ಕೆ ಬಂದಳು, ಸ್ವಲ್ಪ ಓಡುತ್ತಲೇ. ಮೊದಲ ಸಾಲಿನ ಒಬ್ಬ ಪ್ರಯಾಣಿಕನನ್ನು ಕೇಳಿ ಒಪ್ಪಿಸಿದ್ದಳು. ಆತ ದೂರದಲ್ಲಿ ನಿಂತು ಕೈಯೆತ್ತಿ ತೋರಿಸಿದ, ನೀಲಿ ಅಂಗಿಯ ಬೋಳುತಲೆಯವನು. "ಸೀಟ್ ಕಿಡೆಚ್ಚಿಡ್ಚು ಪಾಟ್ಟಿ!" ಎಂದಳು. ಸೀಟು ಸಿಕ್ಕಿತು.

ಅಕ್ಕ ಅವಳ ಕೈ ಹಿಡಿದುಕೊಂಡರು. "ಚೆನ್ನಾಗಿರವ್ವ" ಎಂದರು. ತಮ್ಮನ ಕಡೆ ನೋಡದೆ, "ನಾ ಬರಾಕಿಲ್ಲ. ಮನೆಗೆ ಕರ್ಕಂಡ್ ಹೋಗು" ಎಂದರು.

"ಅಕ್ಕಾ, ಆ ಮರ."

"ಇದ್ದಲ್ಲೇ ಇರ್ತದೆ ಬುಡು."

ಅವರು ಎರಡು ಸಲ ಕೇಳಿಕೊಂಡರು. ಮೂರನೆಯ ಸಲ ಕೇಳಲಿಲ್ಲ. ಒಳಗೆ ಬಂದವರು ಹಾಗೆಯೇ ಹೊರಗೆ ಹೋಗುವಂತಿಲ್ಲ. ಆ ಹುಡುಗಿಯೇ ಬಾಗಿಲವರೆಗೆ ಬಂದು ಪೊಲೀಸಿನವರ ರಿಜಿಸ್ಟರಿನಲ್ಲಿ ಬರೆದು ಕಳಿಸಬೇಕಾಯಿತು. ಕಾರಣ ಎಂಬ ಕಡೆ ಅವಳು ಪೆನ್ನು ಹಿಡಿದು ನಿಂತಳು. ಏನು ಬರೆದಳೋ ನಾನು ನೋಡಲಿಲ್ಲ. ನನ್ನ ವಿಮಾನದ ಹೊತ್ತಾಗಿತ್ತು, ಹೋದೆ.

ಮಾರನೆಯ ದಿನ ಅಕ್ಕ ರೈಲಿನಲ್ಲಿ ಬೆಂಗಳೂರಿಗೆ ಹೋದರು. ಆಮೇಲೆ ಫೋನಿನಲ್ಲಿ ಮಾತಾಡುತ್ತಿದ್ದರಂತೆ, ಮಳೆ, ನೀರು, ಮೊಮ್ಮಗಳ ಸ್ಕೂಲು. ಆಷಾಢದಲ್ಲಿ ಒಂದು ಬೆಳಿಗ್ಗೆ ಹುರುಳಿಕಾಯಿ ಬಿಡಿಸುತ್ತ ಕೂತವರು ಹಾಗೇ ಗೋಡೆಗೆ ಒರಗಿದರು, ಮತ್ತೆ ಏಳಲಿಲ್ಲ. ಹನ್ನೊಂದು ಗಂಟೆಗೆ ಆಫೀಸಿಗೆ ಫೋನ್ ಬಂತು. ಒಂದೂವರೆಯ ವಿಮಾನಕ್ಕೆ ನಾನೂ ಅವರ ಜೊತೆ ಹತ್ತಿದೆ. ಬೆಂಗಳೂರಿನಲ್ಲಿ ಇಳಿದು ಜನರ ನಡುವೆ ನಡೆಯುತ್ತ ಅವರು ಎಡಕ್ಕೆ ತಿರುಗಿದರು. ಹತ್ತಿಪ್ಪತ್ತು ಹೆಜ್ಜೆ ಹೋಗಿಯೂ ಆಗಿತ್ತು. ನಾನು ಮೊಣಕೈ ಹಿಡಿದು, "ಅಣ್ಣ, ಹೊರಗೆ ಹೋಗೋದು ಈ ಕಡೆ" ಎಂದೆ. ಅವರು ನನ್ನನ್ನು ನೋಡಿದರು. ಆ ನೋಟವನ್ನು ನಾನು ಬರೆಯಲಾರೆ.

ಹದಿಮೂರು ದಿನ ಕಳೆದು ವಾಪಸು ಬಂದಾಗ ಅವರ ಮೇಜಿನ ಮೇಲೆ ಏರ್‌ಲೈನ್ಸಿನ ಕವರು ಬಂದಿತ್ತು. ಹೊಸ ಗೋಲ್ಡ್ ಕಾರ್ಡು. ಮಾರ್ಚಿನ ಆ ಎಂಟೂ ಲೆಕ್ಕಕ್ಕೆ ಸೇರಿದ್ದವು. ವಾಲ್ವಿನ ವಾಷರುಗಳನ್ನು ಇಡುವ ಡ್ರಾಯರಿನಲ್ಲಿ ಅದನ್ನು ಹಾಕಿದರು. ಈಗಲೂ ಅಲ್ಲೇ ಇದೆ.

ಅಂದು ಅಲ್ಲಿದ್ದು ಕಣ್ಣಾರೆ ಕಂಡವರಲ್ಲಿ ಇನ್ನೂ ಬದುಕಿರುವವರು ಇಷ್ಟು. ಕೌಂಟರಿನ ಹುಡುಗಿ, ಅವಳು ಈಗ ವಿಮಾನ ಹತ್ತುವ ಬಾಗಿಲಲ್ಲಿ ಪಾಸು ನೋಡುತ್ತಾಳೆ, ನನ್ನ ಗುರುತು ಹಿಡಿದಳು. ಗಾಲಿಕುರ್ಚಿಯವನು, ಪಾಟ್ಟಿ ಹೇಗಿದ್ದಾರೆ ಎಂದು ಕೇಳಿದ, ಹೇಳಿದೆ, ಕುರ್ಚಿಯ ಹಿಡಿಯನ್ನು ಬಿಟ್ಟು ಕೈ ಮುಗಿದ. ನೀಲಿ ಅಂಗಿಯವನು ಎಲ್ಲಿದ್ದಾನೋ ತಿಳಿಯದು, ಇದ್ದಾನೆ ಎಂದುಕೊಳ್ಳುತ್ತೇನೆ. ಅವರು ಇದ್ದಾರೆ, ಪೋರೂರಿನಿಂದ ದಿನಾ ಆಫೀಸಿಗೆ ಬರುತ್ತಾರೆ, ಬೆಂಗಳೂರಿನ ಕೆಲಸ ಬಿದ್ದರೆ ನನ್ನನ್ನು ಕಳಿಸುತ್ತಾರೆ. ಮತ್ತೆ ನಾನು, ಕೇಳಿದಾಗ ತಾರೀಖು ಓದಿ ಹೇಳಿದವನು.