ಬುವಾಲೈಯ ಹದಿನೇಳು ಮನೆ ಬೂದಿ

ಬೆಳಗಿನ ಐದೂವರೆ. ದಿನ್‌ದಾಮ್ ಹಳ್ಳಿಯ ಪಿಂಗಾಣಿ ಕಾರ್ಖಾನೆಯ ಹಿತ್ತಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಬುವಾಲೈ ಮೊಣಕೈವರೆಗೆ ಬೂದಿ ನೀರಿನೊಳಗೆ ಕೈ ಇಳಿಸಿ ನಿಂತಿದ್ದಾರೆ. ತೊಟ್ಟಿಯ ತಳದಲ್ಲಿ ಕೂತ ಬೂದಿಯನ್ನು ಚಿಟಿಕೆಯಷ್ಟು ಎತ್ತಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜುತ್ತಾರೆ. ಕಣ್ಣು ಮುಚ್ಚಿ ಇನ್ನೊಮ್ಮೆ ಉಜ್ಜುತ್ತಾರೆ. ಆಮೇಲೆ ಎಡಗೈಯಲ್ಲೂ ಉಜ್ಜಿ ನೋಡುತ್ತಾರೆ, ಬಲಗೈ ಸುಳ್ಳು ಹೇಳುತ್ತಿದೆಯೇನೋ ಎಂಬ ಹಾಗೆ.

"ಹಗುರ ಅನಿಸ್ತದೆ. ಆದ್ರೆ ಬೂದಿನೇ ಹಗುರಾನೋ, ನನ್ನ ಬೆರಳು ಸತ್ತಿದಾವೋ, ಯಾರನ್ನ ಕೇಳ್ಲಿ?"

ಅವರಿಗೆ ಐವತ್ತೆಂಟು. ಇಲ್ಲಿ ಬಟ್ಟಲುಗಳಿಗೆ ಬಳಿಯುವ ಮೆರುಗು ಕಲಸುವ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ಈ ಕಾರ್ಖಾನೆಯ ಬಟ್ಟಲುಗಳ ಹಸಿರನ್ನು ನೋಡಲು ಚಿಯಾಂಗ್‌ಮಾಯ್‌ನಿಂದ ಜನ ಕಾರು ಮಾಡಿಕೊಂಡು ಬರುತ್ತಾರೆ. ಎಳೆಯ ಬಾಳೆಲೆಯನ್ನು ಬೆಳಕಿಗೆ ಹಿಡಿದ ಹಾಗಿರುವ ಹಸಿರು ಅದು. ಬಟ್ಟಲಿನ ಮೇಲೆ ಕಮಲ ಕೊರೆದವರ ಹೆಸರು ಅಂಗಡಿಯ ಚೀಟಿಯಲ್ಲಿರುತ್ತದೆ. ಹಸಿರು ಕಲಸಿದವರ ಹೆಸರು ಎಲ್ಲೂ ಇಲ್ಲ. ಇರಬೇಕೆಂದು ಬುವಾಲೈಗೂ ತೋಚಿಲ್ಲ.

ಆ ಹಸಿರಿಗೆ ಬಣ್ಣದ ಡಬ್ಬಿ ಬೇಕಿಲ್ಲ. ಬೇಕಾದದ್ದು ಎರಡೇ: ಕೊಯ್ಲಾದ ಗದ್ದೆಯ ಮೇಲೆ ಬೆರಳುದ್ದ ಕೂತ ನುಣುಪು ಮಣ್ಣು, ಮತ್ತೆ ಮತ್ತಿ ಮರದ ಬೂದಿ. ಮಣ್ಣಿನೊಳಗಿನ ಕಬ್ಬಿಣ ಭಟ್ಟಿಯ ಹೊಗೆಯಲ್ಲಿ ಹಸಿರಾಗುತ್ತದೆ. ಬೂದಿಯೊಳಗಿನ ಸುಣ್ಣ ಆ ಮಣ್ಣನ್ನು ಕರಗಿಸಿ ಗಾಜು ಮಾಡುತ್ತದೆ. ಬೂದಿಯನ್ನು ಜರಡಿ ಹಿಡಿದು, ನೆನೆಸಿ, ಮೇಲಿನ ಕ್ಷಾರದ ನೀರು ಬಸಿದು, ಮತ್ತೆ ನೆನೆಸಿ, ಹೀಗೆ ಮೂರು ದಿನದಲ್ಲಿ ಎಂಟು ಸಲ ತೊಳೆಯಬೇಕು. ಆಮೇಲೆ ತೆಂಗಿನ ಚಿಪ್ಪಿನಲ್ಲಿ ಎರಡು ಬೂದಿಗೆ ಮೂರು ಮಣ್ಣು. ತಕ್ಕಡಿ ಇಲ್ಲ. ಹದವನ್ನು ಹೇಳುವುದು ಬೆರಳು. ದಿನಕ್ಕೆ ಇಪ್ಪತ್ತು ಬಕೆಟ್ ಎತ್ತಿ ಸುರಿಯುವ ಆ ಕೈಗಳ ಬೆರಳ ತುದಿಯನ್ನು ಕ್ಷಾರ ತಿಂದು ನುಣ್ಣಗೆ ಮಾಡಿದೆ. ಗುರುತಿನ ಚೀಟಿ ಮಾಡಿಸಲು ಹೋದಾಗ ಯಂತ್ರಕ್ಕೆ ಅವರ ಹೆಬ್ಬೆಟ್ಟಿನ ಗೆರೆಯೇ ಸಿಗಲಿಲ್ಲ.

"ಆ ಕಚೇರಿ ಹುಡುಗಿ ನನ್ನ ಬೆರಳು ಒರೆಸಿ ಒರೆಸಿ ಸುಸ್ತಾದ್ಲು. ಅಮ್ಮ, ನೀವು ಯಾರು ಅಂತ ಇದಕ್ಕೆ ಗೊತ್ತಾಗ್ತಿಲ್ಲ ಅಂದ್ಲು. ನಂಗೂ ಒಂದೊಂದ್ಸಲ ಹಂಗೇ ಆಗ್ತದೆ ಅಂದೆ."

ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು. ಕೆಲಸ ಕಲಿಸಿದ್ದು ಸೋದರತ್ತೆ. ಬೂದಿ ತರಿಸುವ ಪದ್ಧತಿಯೂ ಆಕೆಯದೇ. ಊರಿನ ಹದಿನೇಳು ಮನೆಗಳ ಒಲೆಯ ಪಕ್ಕದಲ್ಲಿ ಒಂದೊಂದು ಮಡಕೆ. ದಿನದ ಊಟದ ಅಂಟಕ್ಕಿ ಬೇಯಿಸಲು ಮತ್ತಿ ಕಟ್ಟಿಗೆ ಉರಿಸಿದ ಬೂದಿಯನ್ನಷ್ಟೇ ಅದರಲ್ಲಿ ತುಂಬಿಡಬೇಕು. ತಿಂಗಳಿಗೊಮ್ಮೆ ಬುವಾಲೈ ಕೈಗಾಡಿ ತಳ್ಳಿಕೊಂಡು ಹೋಗಿ ತರುತ್ತಾರೆ. ಹೊಸ ವರ್ಷದ ನೀರಿನ ಹಬ್ಬಕ್ಕೆ ಮನೆಗೊಂದು ಹಸಿರು ಬಟ್ಟಲು ಉಡುಗೊರೆ. ಹದಿನೇಳರಲ್ಲಿ ಒಂದು ಮಡಕೆ ಅವರ ಮನೆಯದೇ.

ಮೂವತ್ತು ವರ್ಷ ಹೀಗೆ ನಡೆದದ್ದು ಈ ಚಳಿಗಾಲದಲ್ಲಿ ಕೈಕೊಟ್ಟಿತು. ಭಟ್ಟಿ ತೆರೆದರೆ ಬಟ್ಟಲುಗಳ ಮೇಲೆ ಹಸಿರಿಲ್ಲ. ಅಕ್ಕಿ ತೊಳೆದ ನೀರನ್ನು ಎರಚಿದ ಹಾಗೆ ಬಿಳಿ ಮಂಜು. ಎರಡನೇ ಸಲವೂ ಅದೇ. ಹೋಟೆಲಿನವರೊಬ್ಬರು ಮುನ್ನೂರು ಬಟ್ಟಲು ವಾಪಸು ಕಳಿಸಿದರು.

ಭಟ್ಟಿ ನೋಡಿಕೊಳ್ಳುವ ಸುಖಾಮ್‌ನ ಮೇಲೆ ಬುವಾಲೈ ಎಗರಿಬಿದ್ದರು. ಅವನು ಅವರಿಗಿಂತ ಹತ್ತು ವರ್ಷ ಚಿಕ್ಕವನು, ಬಾಯಿ ಮಾತ್ರ ದೊಡ್ಡದು.

"ನೋಡಕ್ಕ, ಹಳದಿ ಬಂದಿದ್ರೆ ನನ್ನ ಬೆಂಕಿ ತಪ್ಪು, ಒಪ್ಕೋತೀನಿ. ಬಿಳಿ ಮಂಜು ಬಂದ್ರೆ ನಿನ್ನ ಬಕೆಟ್ಟಿಂದೇ."

"ನನ್ನ ಬಕೆಟ್ಟಿಗೆ ಮೂವತ್ತೊಂದು ವರ್ಷ ಆಯ್ತು ಕಣೋ."

"ಅದಕ್ಕೇ ಹೇಳಿದ್ದು. ಬಕೆಟ್ಟಿಗೂ ವಯಸ್ಸಾಗ್ತದೆ."

ಅವನು ನಕ್ಕು ಹೋದ. ಬುವಾಲೈಗೆ ಆ ಮಾತು ಚುಚ್ಚಿಕೊಂಡಿತು. ಕಾರ್ಖಾನೆಯ ಮಾಲೀಕ ಪನ್ಯಾ ತಂದೆಯ ಕಾಲದಿಂದ ಅವರನ್ನು 'ಅತ್ತೆ' ಎಂದೇ ಕರೆಯುವವನು. ಅವನು ಲಂಪಾಂಗ್ ಪಟ್ಟಣದಿಂದ ಬಂದ ನಾಲ್ಕು ಚೀಲಗಳನ್ನು ತೊಟ್ಟಿಯ ಎದುರಿಗೇ ಇಳಿಸಿದ. ಬೆಣಚುಕಲ್ಲಿನ ಪುಡಿ, ಸುಣ್ಣದಕಲ್ಲಿನ ಪುಡಿ, ಬಿಳಿ ಜೇಡಿಮಣ್ಣು ಎಲ್ಲ ಅಳತೆ ಮಾಡಿ ಬೆರೆಸಿದ ಸಿದ್ಧ ಮೆರುಗು. ನೀರು ಹಾಕಿದರೆ ಆಯಿತು.

"ಮೂರನೇ ಸಲಾನೂ ಹಿಂಗೇ ಬಂದ್ರೆ ಇದನ್ನೇ ಹಾಕೋಣ ಅತ್ತೆ," ಎಂದ. "ನಿಮ್ಮನ್ನ ಬಿಡಿಸಲ್ಲ. ಬಟ್ಟಲು ಒರೆಸೋ ಕೆಲಸ ಇದ್ದೇ ಇರ್ತದೆ."

ಬುವಾಲೈ ಯೋಚಿಸಿದರು. ಗದ್ದೆ ಮಣ್ಣು ಕೆಟ್ಟಿರಬಹುದೇ? ಬೇರೆ ಗದ್ದೆಯದನ್ನು ತಂದರು. ನೀರು? ದೇವಸ್ಥಾನದ ಬಾವಿಯದನ್ನು ಹೊತ್ತರು. ಎಂಟರ ಬದಲು ಹತ್ತು ಸಲ ತೊಳೆದರು, ಆರು ಸಲ ತೊಳೆದರು. ಕೊನೆಗೆ ಹದಿನೇಳು ಮನೆಯ ಬೂದಿಯನ್ನೂ ಬೇರೆ ಬೇರೆ ಕಲಸಿ, ಹದಿನೇಳು ಮಣ್ಣಿನ ಉಂಗುರಗಳಿಗೆ ಬಳಿದು, ಯಾವುದು ಯಾರ ಮನೆಯದೆಂದು ಗೀರು ಹಾಕಿ, ಸುಖಾಮ್‌ನ ಭಟ್ಟಿಯ ಪಕ್ಕದ ಪುಟ್ಟ ಪರೀಕ್ಷೆ ಭಟ್ಟಿಯಲ್ಲಿ ಸುಟ್ಟರು. ಕಳ್ಳ ಯಾವ ಮನೆಯಲ್ಲಿದ್ದರೂ ಸಿಗಬೇಕು.

ಉಂಗುರಗಳನ್ನು ದಾರದಲ್ಲಿ ಪೋಣಿಸಿ ತೊಟ್ಟಿಯ ಮೇಲೆ ತೂಗುಹಾಕಿದ್ದಾರೆ. ಹದಿನೇಳೂ ಬಿಳಿ ಮಂಜು. ಕೆಲವು ಹೆಚ್ಚು, ಕೆಲವು ಕಮ್ಮಿ. ಗೀರಿಲ್ಲದ್ದು ಅವರ ಮನೆಯದೇ. ಅದೂ ಬಿಳಿ.

ಇವತ್ತು ಬೆಳಿಗ್ಗೆ ಅವರು ಎರಡೂ ಕೈಯಲ್ಲಿ ಬೂದಿ ಉಜ್ಜುತ್ತ ನಿಂತಿರುವುದು ಇದಕ್ಕೇ. ಬೇರೆಯವರ ಮಡಕೆಯ ಮೇಲೆ ಅನುಮಾನ ಪಡಬಹುದು. ತನ್ನ ಒಲೆಗೆ ತಾನೇ ಕಟ್ಟಿಗೆ ಒಡ್ಡಿ, ತಾನೇ ಬಳಿದು ಇಟ್ಟ ಬೂದಿಯ ಮೇಲೆ ಹೇಗೆ ಪಡುವುದು? ಉಳಿದ ಹದಿನಾರೂ ಮನೆಯವರು ಎದೆ ಮುಟ್ಟಿ ಹೇಳಿದ್ದಾರೆ, ಮತ್ತಿ ಬಿಟ್ಟು ಬೇರೆ ಕಟ್ಟಿಗೆ ಉರಿಸಿಲ್ಲವೆಂದು. ಹಾಗಾದರೆ ಉಳಿದದ್ದು ತನ್ನ ಕೈ ಮಾತ್ರ.

"ಬೂದಿ ಹಗುರ ಅಂತ ಬೆರಳು ಹೇಳ್ತದೆ. ಬೂದಿ ಸರಿಯಾಗಿದೆ ಅಂತ ಊರು ಹೇಳ್ತದೆ. ಇಡೀ ಊರು ಸುಳ್ಳು ಹೇಳ್ತದಾ? ಬೆರಳೇ ಹೇಳ್ತಿರ್ಬೇಕು."

ಇವತ್ತು ಅವರು ಮಧ್ಯಾಹ್ನವೇ ಮನೆಗೆ ಹೋಗುತ್ತಾರೆ. ಗಂಡ ಇನ್‌ಪನ್ ಹಿತ್ತಲಿನಲ್ಲಿದ್ದಾರೆ. ದನದ ಕೊಟ್ಟಿಗೆಗೆ ಸೊಳ್ಳೆ ಬರದಂತೆ ಹೊಗೆ ಹಾಕಲು ಭತ್ತದ ಹೊಟ್ಟನ್ನು ರಾಶಿ ಸುಟ್ಟಿರುತ್ತಾರಲ್ಲ, ಆ ರಾಶಿಯಿಂದ ಬೂದಿಯನ್ನು ಮೊರದಲ್ಲಿ ತುಂಬಿಕೊಂಡು ಬಂದು, ಒಲೆಯ ಪಕ್ಕದ ಮಡಕೆಗೆ ಸುರಿದು, ಅಂಗೈಯಿಂದ ಮೆತ್ತಗೆ ಒತ್ತುತ್ತಾರೆ.

ಬುವಾಲೈ ಬಾಗಿಲಲ್ಲೇ ನಿಲ್ಲುತ್ತಾರೆ. "ಏನ್ ಮಾಡ್ತಿದೀಯ?"

"ನಿನ್ನ ಮಡಕೆ ಅರ್ಧಾನೇ ಇತ್ತು."

"ಇರ್ಲಿ. ಅರ್ಧ ಇದ್ರೆ ಅರ್ಧ."

"ಅರ್ಧ ಮಡಕೇನ ಹೊಸಿಲು ದಾಟಿಸ್ತಾರಾ ಯಾರಾದ್ರೂ?" ಇನ್‌ಪನ್ ಆಶ್ಚರ್ಯದಿಂದ ಕೇಳುತ್ತಾರೆ. "ನಿಮ್ಮಮ್ಮನೇ ಹೇಳ್ತಿದ್ಲಲ್ಲ, ಅರ್ಧ ಕೊಟ್ರೆ ಕಣಜಾನೂ ಅರ್ಧ ಆಗ್ತದೆ ಅಂತ. ಗ್ಯಾಸು ಬಂದಾಗಿಂದ ನಾನೇ ತುಂಬಿಸ್ತಿದೀನಿ. ಬೂದಿ ಬೂದಿನೇ ಅಲ್ವಾ?"

ಬುವಾಲೈಗೆ ನಗು ಬರುವುದೋ ಸಿಟ್ಟು ಬರುವುದೋ ತಿಳಿಯುವುದಿಲ್ಲ. ಹೊಟ್ಟಿನ ಬೂದಿ ಎಂದರೆ ಮರಳಿದ್ದ ಹಾಗೆ. ಬೆಂಕಿಗೆ ಸುಲಭಕ್ಕೆ ಕರಗದು, ಗಾಜಿನೊಳಗೆ ಮಂಜಾಗಿ ಕೂತುಬಿಡುತ್ತದೆ. ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕುತ್ತಾರೆ. ಎರಡು ವರ್ಷದಲ್ಲಿ ಒಂದೊಂದಾಗಿ, ಈ ಚಳಿಗಾಲದ ಹೊತ್ತಿಗೆ ಊರಿನ ಎಲ್ಲ ಮನೆಗೂ ಗ್ಯಾಸು ಬಂದಿದೆ. ಕಟ್ಟಿಗೆ ಒಲೆ ಹೊತ್ತುವುದು ಅಂಟಕ್ಕಿಗೆ ಮಾತ್ರ. ಮಡಕೆ ತುಂಬುವುದಿಲ್ಲ. ಅರ್ಧ ಕೊಡುವುದು ಈ ಊರಿನಲ್ಲಿ ಯಾರಿಂದಲೂ ಆಗದ ಕೆಲಸ. ಯಾರೂ ಸುಳ್ಳು ಹೇಳಿಲ್ಲ. ಬೇರೆ ಕಟ್ಟಿಗೆ ಉರಿಸಿದ್ದೀರಾ ಎಂದು ಬುವಾಲೈ ಕೇಳಿದ್ದರು, ಅವರು ಇಲ್ಲವೆಂದರು. ಮಡಕೆ ಹೇಗೆ ತುಂಬಿತು ಎಂದು ಬುವಾಲೈ ಕೇಳಲಿಲ್ಲ.

"ಈಗ ಮನೆಮನೆಗೆ ಹೋಗಿ ಬೈದು ಬರ್ತೀಯಾ?" ಇನ್‌ಪನ್ ಕೇಳುತ್ತಾರೆ.

"ಬೈಯಕ್ಕೆ ಏನಂತ ಬೈಲಿ? ಜಾಸ್ತಿ ಕೊಟ್ರಿ ಅಂತಲಾ?"

ಅರ್ಧ ಸಾಕು ಎಂದರೆ ಅವರ ಮರ್ಯಾದೆಗೆ ಕುಂದು. ಇನ್ನು ಬೇಡ ಎಂದರೆ ಅದಕ್ಕಿಂತ ದೊಡ್ಡ ಕುಂದು. ಎರಡು ದಿನ ಬುವಾಲೈ ಇದನ್ನೇ ತಲೆಯಲ್ಲಿ ತಿರುಗಿಸುತ್ತಾರೆ. ಮೂರನೇ ಬೆಳಿಗ್ಗೆ ಹೋಟೆಲಿನಿಂದ ವಾಪಸು ಬಂದ ಬಟ್ಟಲುಗಳ ರಾಶಿಗೆ ಕೈ ಹಾಕುತ್ತಾರೆ. ಮಂಜು ಕವಿದ, ವಾರದ ಬೂದಿಗೇ ತುಂಬುವಂಥ ಹದಿನೇಳು ಸಣ್ಣ ಬಟ್ಟಲು ಆರಿಸಿ, ಕೈಗಾಡಿಗೆ ಹಾಕಿ, ಮನೆಮನೆಗೆ ಹೋಗಿ ದೊಡ್ಡ ಮಡಕೆ ತೆಗೆದು ಬಟ್ಟಲು ಇಡುತ್ತಾರೆ. "ಇನ್ಮೇಲೆ ವಾರಕ್ಕೊಂದ್ಸಲ ಬರ್ತೀನಿ. ನಂಗೆ ಭಾರ ಎತ್ತಕ್ಕಾಗಲ್ಲ, ವಯಸ್ಸಾಯ್ತು," ಎನ್ನುತ್ತಾರೆ. ಈ ಮಾತು ಹೇಳಿದ್ದು ಸುಖಾಮ್‌ಗೆ ಗೊತ್ತಾಗಬಾರದೆಂದು ಇನ್‌ಪನ್‌ಗೆ ತಾಕೀತು ಮಾಡಿದ್ದಾರೆ.

ಮೊದಲ ವಾರದ ಬೂದಿ ತೊಟ್ಟಿಗಿಳಿದಾಗ ಬೆರಳು ಉಜ್ಜಿ ನೋಡುತ್ತಾರೆ. ಜಾರುತ್ತದೆ, ಭಾರವಿದೆ. ಆದರೂ ನಂಬಿಕೆ ಸಾಲದು. ಮೂರನೇ ಭಟ್ಟಿ ಹತ್ತಿ, ಉರಿದು, ಆರಿ, ಬಾಗಿಲು ತೆರೆಯುವ ಹೊತ್ತಿಗೆ ಅವರು ಬಾವಿಕಟ್ಟೆಯ ಹತ್ತಿರ ಹೋಗಿ ಇಲ್ಲದ ಕೆಲಸ ಹುಡುಕುತ್ತಿರುತ್ತಾರೆ. ಸುಖಾಮ್ ಒಂದು ಬಟ್ಟಲನ್ನು ಚಿಂದಿಯಲ್ಲಿ ಸುತ್ತಿ, ಬಿಸಿ ಇರುವಾಗಲೇ ಅಲ್ಲಿಗೆ ತರುತ್ತಾನೆ.

"ತಗೋ ಅಕ್ಕ. ನನ್ನ ಬೆಂಕಿ ಎಷ್ಟು ಚೆನ್ನಾಗಿದೆ ನೋಡು."

ಎಳೆ ಬಾಳೆಲೆಯ ಹಸಿರು. ತಳದ ಕಮಲದ ಎಸಳು ಕಾಣುವಷ್ಟು ತಿಳಿ. ಬುವಾಲೈ ಬಟ್ಟಲನ್ನು ನೋಡುವುದಿಲ್ಲ. ತನ್ನ ಬಲಗೈಯ ಬೆರಳುಗಳನ್ನು ನೋಡಿಕೊಳ್ಳುತ್ತಾರೆ.

ಇಷ್ಟು ಬೂದಿಗೆ ತಿಂಗಳಿಗೆ ಇನ್ನೂರು ಬಟ್ಟಲಷ್ಟೇ ಆಗುತ್ತದೆ. ಹಿಂದೆ ನಾನೂರು ಆಗುತ್ತಿತ್ತು. ಮಿಕ್ಕದ್ದಕ್ಕೆ ಲಂಪಾಂಗಿನ ಚೀಲ ಬಿಚ್ಚುವುದೆಂದು ಪನ್ಯಾ ಹೇಳಿದಾಗ ಅವರು ಒಪ್ಪಿದರು. ಆ ಇನ್ನೂರನ್ನು ಮಾತ್ರ ಬೇರೆ ಹಲಗೆಯ ಮೇಲೆ ಜೋಡಿಸುತ್ತಾರೆ. ಮತ್ತಿನ್ನೇನು ಬೇಕು ಎಂದು ಕೇಳಿದವರಿಗೆ ಹಲಗೆ ಒರೆಸುತ್ತಲೇ ಹೇಳುತ್ತಾರೆ.

"ಗ್ಯಾಸು ಬೇಡ ಅನ್ನಕ್ಕೆ ನಾನ್ಯಾರು? ನಮ್ಮನೇಲೂ ಇದೆ. ಅಂಟಕ್ಕಿ ಒಂದನ್ನ ಕಟ್ಟಿಗೆ ಮೇಲೆ ಬೇಯ್ಸಿ ಅಂತೀನಿ. ರುಚಿಗೆ ಅಂತ ಹೇಳ್ತೀನಿ, ಬೂದಿಗೆ ಅಂತ ಹೇಳಲ್ಲ."

ಎರಡನೇ ವಾರದ ಬೆಳಗು. ಕೈಗಾಡಿ ಊರಿನ ಕೊನೆಯ ಮನೆಯೆದುರು ನಿಲ್ಲುತ್ತದೆ. ಎಂಬತ್ತು ದಾಟಿದ ಸೇಂಗ್ ಅಜ್ಜಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಾರೆ. ಬೂದಿ ಅಂಚಿನವರೆಗೆ ಬಂದು ಗೋಪುರವಾಗಿದೆ.

"ಇಷ್ಟೇನಾ ಮಗಳೇ? ಕೊಡಕ್ಕೇ ನಾಚಿಕೆ ಆಗ್ತದೆ."

ಬುವಾಲೈ ಒಂದು ಚಿಟಿಕೆ ಎತ್ತಿ ಉಜ್ಜುತ್ತಾರೆ. ಒಂದೇ ಸಲ, ಒಂದೇ ಕೈಯಲ್ಲಿ. ಆಮೇಲೆ ಗಾಳಿಗೆ ಹಾರದಂತೆ ಅಂಗೈ ಮುಚ್ಚಿ ಬಟ್ಟಲನ್ನು ಗಾಡಿಯಲ್ಲಿಡುತ್ತಾರೆ.

"ತುಂಬಿದೆಯಲ್ಲ, ಅಜ್ಜಿ."